ಅಮೃತಾಪುರದ ಗೋಡೆ ಒಗಟು: ಬಿಡಿಸುವುದು ಹೇಗೆ, ಜೊತೆಗೆ ಯಾರಿರಬೇಕು?

ಮಕ್ಕಳು ಇಷ್ಟಪಟ್ಟು ಆಡುವ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಪುರಾತನ ಗುಡಿ ಬಂದರೆ ಒಗಟೂ ಬಂತೆಂದೇ ಲೆಕ್ಕ. ವಿಗ್ರಹವನ್ನು ಸರಿಯಾದ ದಿಕ್ಕಿಗೆ ತಿರುಗಿಸಬೇಕು, ಗೋಡೆಯ ಚಿತ್ರಗಳ ಕ್ರಮ ಹಿಡಿಯಬೇಕು. ಆಗಲೇ ಬಾಗಿಲು ತೆರೆಯುವುದು. ಒಳಹೋಗುವ ಮುನ್ನ ಜೊತೆಗಾರರನ್ನೂ ಆರಿಸಿಕೊಳ್ಳಬೇಕು. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಆಟಗಾರನ ಪಾತ್ರವೂ ಸೇರಿ ತಂಡದಲ್ಲಿ ನಾಲ್ವರಿಗಷ್ಟೇ ಜಾಗ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಎಂಬ ಸಾಹಸ ಆಟವಂತೂ ನಮ್ಮ ಪುರಾಣದ ಕಥೆಗಳನ್ನೇ ಗೋಡೆಗಳ ಮೇಲೆ ಹೇಳುತ್ತದೆ.

ಇಂಥದೊಂದು ಗೋಡೆ ನಮ್ಮ ಪಕ್ಕದಲ್ಲೇ ಇದೆ. ತರೀಕೆರೆಯಿಂದ ಸುಮಾರು 10 ಕಿ.ಮೀ. ದೂರದ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಅದರ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ಓದುವ ದಿಕ್ಕು ಗೊತ್ತಿಲ್ಲದೆ ಹೋದವರಿಗೆ ಅವು ಬಿಡಿ ಬೊಂಬೆಗಳು. ಗೊತ್ತಿದ್ದವರಿಗೆ ರಾಮಾಯಣ, ಭಾಗವತ, ಮಹಾಭಾರತ.

ಹಂತ 1: ತಂಡ ಕಟ್ಟಿ

ನಾಲ್ಕು ಜನ ಸಾಕು. ಹತ್ತಾರು ಮಂದಿ ಹೋದರೆ ಫಲಕದ ಮುಂದೆ ನಿಲ್ಲಲು ಜಾಗವೂ ಇರದು, ವ್ಯವಧಾನವೂ ಇರದು.

• ಕಥೆ ಬಲ್ಲವರು: ಹರಿಕಥೆ, ಗಮಕ ಕೇಳಿ ಬೆಳೆದ ಅಜ್ಜಿ, ಇಲ್ಲವೇ ಊರ ಪೌರಾಣಿಕ ನಾಟಕದಲ್ಲಿ ಬಣ್ಣ ಹಚ್ಚಿದ ಮಾವ. ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು, ಆ ಕಾವ್ಯ ಬಲ್ಲ ಹಿರಿಯರು ಸಿಕ್ಕರೆ ಒಳ್ಳೆಯದು. ಆದರೆ ಜೈಮಿನಿಯ ಕಥೆ ಯುದ್ಧ ಮುಗಿದ ಮೇಲಿನ ಅಶ್ವಮೇಧದ್ದು. ಅದಕ್ಕೆ ಹಿಂದಿನ ಭಾರತಕ್ಕೆ ಕುಮಾರವ್ಯಾಸನನ್ನು ಓದಿದವರೇ ಬೇಕು.

• ಅಕ್ಷರ ಬಲ್ಲವರು: ಹಳಗನ್ನಡ ಓದಿದ ಕನ್ನಡ ಮೇಷ್ಟ್ರು ಅಥವಾ ಇತಿಹಾಸದ ವಿದ್ಯಾರ್ಥಿ. ಶಾಸನದ ಹತ್ತಿರ ಇವರ ಕೆಲಸ.

• ಕಣ್ಣು ಚುರುಕಾದವರು: ಗೇಮ್ ಆಡುವ ಮಗುವೇ ಇದಕ್ಕೆ ಸರಿ. ಸಣ್ಣ ಗುರುತನ್ನೂ ಬಿಡದೆ ನೋಡುವುದು, ತಪ್ಪಿದರೆ ಹಿಂದಕ್ಕೆ ಬಂದು ಮತ್ತೆ ನೋಡುವುದು ಅವರಿಗೆ ರೂಢಿಯಾಗಿರುತ್ತದೆ.

• ಬರೆದುಕೊಳ್ಳುವವರು: ನೋಟ್‌ಬುಕ್ಕಿನಲ್ಲಿ ಫಲಕಗಳಿಗೆ ಸಂಖ್ಯೆ ಹಾಕಿ, ಗುರುತಿಸಿದ ಕಥೆ ಬರೆಯುವುದು ಇವರ ಪಾಲಿನದು.

ಒಬ್ಬರನ್ನಷ್ಟೇ ಕರೆದೊಯ್ಯಲು ಸಾಧ್ಯವಿದ್ದರೆ ಕಥೆ ಬಲ್ಲವರನ್ನೇ ಆರಿಸಿ. ಉಳಿದ ಮೂರು ಕೆಲಸ ನೀವೇ ಮಾಡಿಕೊಳ್ಳಬಹುದು.

ಹಂತ 2: ದಾರಿ ಮತ್ತು ಹೊತ್ತು

ಕಡೂರು, ಬೀರೂರಿನವರು ಶಿವಮೊಗ್ಗ ಮಾರ್ಗದ ರೈಲಿನಲ್ಲೋ ಬಿ.ಎಚ್. ರಸ್ತೆಯ ಬಸ್ಸಿನಲ್ಲೋ ತರೀಕೆರೆಗೆ ಬರಬಹುದು. ಅಜ್ಜಂಪುರ ಇರುವುದು ಬೀರೂರು–ಚಿಕ್ಕಜಾಜೂರು ರೈಲು ಮಾರ್ಗದಲ್ಲಿ. ರೈಲು ಹಿಡಿದರೆ ಬೀರೂರು ಸುತ್ತಿ ಬರಬೇಕಾದ್ದರಿಂದ ಅಲ್ಲಿಯವರಿಗೆ ರಸ್ತೆಯೇ ಸಲೀಸು.

ಬೆಳಗಿನ ಹೊತ್ತು ತಲುಪಿ. ಓರೆ ಬಿಸಿಲಿನಲ್ಲಿ ಉಬ್ಬುತಗ್ಗು ಎದ್ದು ಕಾಣುತ್ತದೆ; ನಡುಮಧ್ಯಾಹ್ನ ಎಲ್ಲವೂ ಚಪ್ಪಟೆಯಾಗಿ ತೋರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ದಕ್ಷಿಣದ ಗೋಡೆ ಚೆನ್ನಾಗಿ ಬೆಳಗುತ್ತದೆ, ಉತ್ತರದ ಗೋಡೆ ನೆರಳಲ್ಲಿರುತ್ತದೆ.

ಹಂತ 3: ದಿಕ್ಕು ಹಿಡಿಯಿರಿ

ಒಗಟಿನ ಬೀಗದ ಕೈ ಇಲ್ಲೇ ಇದೆ. ಹೊಯ್ಸಳ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತದೆ. ಅಮೃತಾಪುರದ ಉತ್ತರ ಗೋಡೆಯಲ್ಲಿ ಹಾಗೆಯೇ ಇದೆ. ಆದರೆ ದಕ್ಷಿಣ ಗೋಡೆಯ 70 ಫಲಕಗಳ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುತ್ತಲೇ ಓದಿದವರಿಗೆ ಕಥೆ ಕೊನೆಯಿಂದ ಮೊದಲಿಗೆ ಬರುತ್ತದೆ. ಬಹಳ ಮಂದಿ ಗೊಂದಲಕ್ಕೆ ಬೀಳುವುದು ಇಲ್ಲೇ.

ಆದ್ದರಿಂದ ಮೊದಲು ಭಕ್ತಿಯಿಂದ ಒಂದು ಪ್ರದಕ್ಷಿಣೆ ಮುಗಿಸಿ. ಓದಲು ತೊಡಗುವಾಗ ದಕ್ಷಿಣ ಗೋಡೆಯ ಪಶ್ಚಿಮದ ತುದಿಗೆ ಹೋಗಿ ನಿಂತು, ಅಲ್ಲಿಂದ ಪೂರ್ವಕ್ಕೆ ಬನ್ನಿ. ಗೋಡೆಗೆ ಮುಖ ಮಾಡಿದರೆ ಎಡದಿಂದ ಬಲಕ್ಕೆ, ಪುಸ್ತಕ ಓದಿದ ಹಾಗೆ. ಉತ್ತರ ಗೋಡೆಯಲ್ಲೂ ಪಶ್ಚಿಮದಿಂದಲೇ ಆರಂಭಿಸಿ ಪೂರ್ವಕ್ಕೆ ಬನ್ನಿ. ಅಲ್ಲಿ ಮಾತ್ರ ಓದು ಬಲದಿಂದ ಎಡಕ್ಕೆ. ಎರಡೂ ಕಡೆ ಕಥೆ ಸಾಗುವುದು ಪಶ್ಚಿಮದಿಂದ ಪೂರ್ವಕ್ಕೆ. ಇದೊಂದು ನೆನಪಿದ್ದರೆ ದಾರಿ ತಪ್ಪುವುದಿಲ್ಲ.

ಹಂತ 4: ಗುರುತು ಹುಡುಕಿ

ಫಲಕಗಳನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ. ಸಂದೇಹಕ್ಕೆ ಎಡೆಯಿಲ್ಲದ ಕೆಲವನ್ನು ಮೊದಲು ಹಿಡಿಯಿರಿ: ಹತ್ತು ತಲೆಯಿದ್ದರೆ ರಾವಣ, ಬಾಲವಿದ್ದರೆ ವಾನರ. ಅವುಗಳ ನಡುವಿನ ಫಲಕಗಳಿಗೆ ಕಥೆ ಬಲ್ಲವರು ಜೋಡಣೆ ಹೇಳಲಿ.

ಉತ್ತರ ಗೋಡೆ ಸ್ವಲ್ಪ ಕಷ್ಟ. ಅಲ್ಲಿ ಕೃಷ್ಣನ ಬದುಕಿಗೆ 25, ಮಹಾಭಾರತಕ್ಕೆ 45 ಫಲಕಗಳಿವೆ, ಕೃಷ್ಣ ಎರಡು ಕಥೆಗಳಲ್ಲೂ ಇದ್ದಾನೆ. ಹಸು ಕರು, ಗೋಪರು ಸುತ್ತಲಿದ್ದರೆ ಭಾಗವತದ ಕಡೆ ನೋಡಿ. ರಥ, ಗದೆ, ಸಾಲು ಬಿಲ್ಲುಗಾರರಿದ್ದರೆ ಭಾರತದ ಕಡೆ. ಎರಡು ಕಥೆ ಸೇರುವ ಗಡಿಯನ್ನು ಮಕ್ಕಳಿಗೆ ಹುಡುಕಲು ಬಿಡಿ. ಉತ್ತರವನ್ನು ಮುಂಚೆಯೇ ಹೇಳಬೇಡಿ.

ಹಂತ 5: ಒಳಗೆ ತಲೆಯೆತ್ತಿ

ತೆರೆದ ಮಂಟಪದಲ್ಲಿ 29 ಅಂಕಣಗಳಿವೆ. ಗುಮ್ಮಟದಂತೆ ಒಳಸರಿದ ಛಾವಣಿಗಳನ್ನು ಹೂವಿನ ಕೆತ್ತನೆ ತುಂಬಿದೆ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅಂಗೈ ಮೇಲೆ ಮಲಗಿಸಿ ಹಿಡಿದರೆ ಕತ್ತು ನೋಯದೆ ಛಾವಣಿ ನೋಡಬಹುದು. ಪೂಜೆ ನಡೆಯುವ ಗುಡಿಯಾದ್ದರಿಂದ ಅರ್ಚಕರನ್ನು ಮೊದಲು ಕೇಳಿ. ಸೋಮನಾಥಪುರದ ಗುಡಿಯಲ್ಲಿ ಹೆಸರು ಕೊರೆದ ಶಿಲ್ಪಿ ಮಲ್ಲಿತಮ್ಮ ಕೆಲಸ ಆರಂಭಿಸಿದ್ದು ಇಲ್ಲಿನ ಈ ಛಾವಣಿಗಳಲ್ಲಿ ಎನ್ನುತ್ತಾರೆ ಇತಿಹಾಸಕಾರರು.

ಹಂತ 6: ಶಾಸನದ ಮುಂದೆ

ಗುಡಿಯ ಬಳಿಯ ದೊಡ್ಡ ಶಾಸನದ ಪದ್ಯಗಳು 1209ರಲ್ಲಿ ‘ಯಶೋಧರ ಚರಿತೆ’ ಬರೆದ ಕವಿ ಜನ್ನನವು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಗ್ರಂಥಾಲಯದಲ್ಲಿ ಸಿಕ್ಕರೆ ಈ ಶಾಸನದ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಸ್ಪಷ್ಟವಾಗುತ್ತದೆ. ಮಕ್ಕಳು ಒಂದು ಸಾಲಿನಲ್ಲಿ ಪರಿಚಿತ ಅಕ್ಷರ ಎಷ್ಟಿವೆ ಎಂದು ಗುರುತಿಸಿದರೂ ಸಾಕು.

ಮಾಡಲೇಬಾರದ್ದು

ಗೇಮಿನಲ್ಲಿ ವಿಗ್ರಹ ತಿರುಗಿಸಬಹುದು, ಕಲ್ಲು ಒತ್ತಬಹುದು. ಇಲ್ಲಿ ಕೈ ಸೋಕಿಸುವುದೂ ಬೇಡ. ಬಳಪದ ಕಲ್ಲು ಮೃದು. ಸವೆದ ಮೂಗು, ಬೆರಳು ಮತ್ತೆ ಬಾರವು. ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಹಚ್ಚಬೇಡಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಒಂದೇ ದಿನದಲ್ಲಿ 140 ಫಲಕ ಮುಗಿಸುವ ಹಟ ಬೇಡ. ಮೊದಲ ಸಲ ರಾಮಾಯಣ, ಮುಂದಿನ ಸಲ ಉತ್ತರ ಗೋಡೆ ಎಂದು ಹಂಚಿಕೊಳ್ಳಿ. ಗೋಡೆ ಎಲ್ಲಿಗೂ ಹೋಗದು. ಕಥೆ ಬಲ್ಲ ಹಿರಿಯರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಗುವಿನ ಕಣ್ಣು, ಅಜ್ಜಿಯ ನೆನಪು ಒಟ್ಟಿಗೆ ಸಿಗುವಾಗಲೇ, ಈ ರಜೆಯಲ್ಲೇ, ಇಬ್ಬರನ್ನೂ ಕರೆದುಕೊಂಡು ಹೋಗಿ ಬನ್ನಿ.