ತೀರಿಕೊಂಡವರ ಪಾಲು

'ಅಪ್ಪನಿಗಿಂತ ಮೊದಲು ಮಗ ಹೋದರೆ ಅವನ ಪಾಲೂ ಅವನ ಜೊತೆಗೇ ಹೋಯಿತು' ಎಂಬುದು ನಮ್ಮೂರ ಜಗಲಿಯ ಮೇಲೆ ನಾನು ಚಿಕ್ಕಂದಿನಿಂದ ಕೇಳುತ್ತ ಬಂದ ಮಾತು. ಎರಡು ವರ್ಷಗಳ ಕೆಳಗೆ ದೊಡ್ಡಪ್ಪನವರು ಇದನ್ನೇ ನನ್ನ ತಾಯಿಗೆ ಹೇಳಿದರು. "ನೋಡಮ್ಮ, ತಮ್ಮ ಇದ್ದಿದ್ದರೆ ಆ ಮಾತು ಬೇರೆ. ಈಗ ಮನೆಯಲ್ಲಿ ನಿನಗೇನೂ ಬರುವುದಿಲ್ಲ. ಇರುವಷ್ಟು ದಿನ ಇರು." ತಾಯಿ ಮರುಮಾತಾಡಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ನಿಜಸಂಗತಿಯನ್ನು ತಿಳಿಯುವ ಹೊಣೆ ನನ್ನ ಮೇಲೆ ಬಿತ್ತು. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ಅಧ್ಯಾಪಕರು ಕೊಟ್ಟ ಪುಸ್ತಕವನ್ನು ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮನೆಯನ್ನು ತಾತ ಗಾರೆಕೆಲಸದ ದುಡಿಮೆಯಿಂದ ಕಟ್ಟಿದರು. ಎಂದರೆ ಅದು ಸ್ವಯಾರ್ಜಿತ. (ಪಿತ್ರಾರ್ಜಿತವಾದರೆ ಲೆಕ್ಕ ಬೇರೆ, ಅದನ್ನಿಲ್ಲಿ ಎತ್ತಿಕೊಂಡಿಲ್ಲ.) ಅಜ್ಜಿ ಎಂದೋ ತೀರಿಹೋಗಿದ್ದರು. ತಂದೆ 2011ರಲ್ಲಿ, ತಾತ 2019ರಲ್ಲಿ, ಸೋದರತ್ತೆ 2022ರಲ್ಲಿ ತೀರಿಕೊಂಡರು. ತಾತ ಉಯಿಲು ಬರೆದಿರಲಿಲ್ಲ.

ಹಾಗಿರಲು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇಲ್ಲಿ ಅನ್ವಯಿಸುತ್ತದೆ. ಉಯಿಲಿಲ್ಲದೆ ಸತ್ತ ಗಂಡಸಿನ ಮೊದಲನೆಯ ವರ್ಗದ ವಾರಸುದಾರರಲ್ಲಿ ಮಗ, ಮಗಳು, ಹೆಂಡತಿ, ತಾಯಿಯರಲ್ಲದೆ, ಮೊದಲೇ ಸತ್ತ ಮಗನ ಹೆಂಡತಿಯನ್ನೂ ಮಕ್ಕಳನ್ನೂ ಅದು ಹೆಸರಿಸಿದೆ. ಸತ್ತ ಮಗನ ಕವಲಿಗೆ ಅವನು ಬದುಕಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು. ಆದ್ದರಿಂದ ತಾತನ ಮನೆ ಮೂರು ಪಾಲು: ದೊಡ್ಡಪ್ಪನಿಗೊಂದು, ಅತ್ತೆಗೊಂದು, ನಮ್ಮ ಕವಲಿಗೊಂದು. ನಮ್ಮದನ್ನು ತಾಯಿ, ಅಕ್ಕ, ನಾನು ಸಮನಾಗಿ ಹಂಚಿಕೊಳ್ಳಬೇಕು. ತಲೆಗೆ ಒಂಬತ್ತರಲ್ಲಿ ಒಂದು. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ.

ಅತ್ತೆಯ ಪಾಲಿನಲ್ಲಿ ಒಂದು ಸೂಕ್ಷ್ಮವುಂಟು. ಅವರು ತಾತನ ಅನಂತರ ತೀರಿಕೊಂಡರು. ತಾತ ಕಣ್ಣುಮುಚ್ಚಿದ ಗಳಿಗೆಯಲ್ಲೇ ಪಾಲು ಅವರದಾಗಿತ್ತು. ಆದ್ದರಿಂದ ಅದೀಗ ಅವರ ಗಂಡನಿಗೂ ಮಗನಿಗೂ ಅರ್ಧರ್ಧ. ತಾತನಿಗಿಂತ ಮುಂಚೆ ಹೋಗಿದ್ದರೆ ಎಲ್ಲವೂ ಮಗನಿಗೇ. ಮಾವನವರಿಗೆ ಏನೂ ಇಲ್ಲ, ಏಕೆಂದರೆ ಸತ್ತ ಮಗಳ ಗಂಡ ಆ ವರ್ಗದಲ್ಲಿಲ್ಲ. ತಾತನ ತರುವಾಯ, ಮಕ್ಕಳೇ ಇಲ್ಲದೆ ಹೋಗಿದ್ದರೆ, ತಂದೆಯಿಂದ ಬಂದ ಆ ಪಾಲು ಗಂಡನಿಗೆ ಸೇರದೆ ತಂದೆಯ ವಾರಸುದಾರರಿಗೇ, ಎಂದರೆ ದೊಡ್ಡಪ್ಪನಿಗೂ ನಮಗೂ ಮರಳುತ್ತಿತ್ತು. ಯಾರು ಮೊದಲು ಸತ್ತರು ಎಂಬುದೊಂದರಿಂದ ಇಷ್ಟು ವ್ಯತ್ಯಾಸ! ಮರಣಪತ್ರಗಳನ್ನು ಜೋಪಾನವಾಗಿಡಬೇಕಾದುದು ಇದಕ್ಕಾಗಿಯೇ.

ಹೆಣ್ಣುಮಕ್ಕಳಿಗೆ ಮನೆಯ ಮಟ್ಟಿಗೆ ಹಿಂದೊಂದು ತಡೆಯಿತ್ತು. ಕುಟುಂಬದವರು ವಾಸವಿರುವ ಮನೆಯಲ್ಲಿ, ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ, ಹೆಣ್ಣು ವಾರಸುದಾರರು ವಿಭಾಗವನ್ನು ಕೇಳುವಂತಿರಲಿಲ್ಲ. 2005ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಊರಿನವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ದೊಡ್ಡಪ್ಪ ಪೌತಿ ಖಾತೆಯನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಂಡಿದ್ದರು. ಖಾತೆ ಕಂದಾಯ ಕಟ್ಟುವ ದಾಖಲೆ. ಅದರಿಂದಲೇ ಒಡೆತನ ಹುಟ್ಟುವುದಿಲ್ಲ, ಮಿಕ್ಕವರದು ಅಳಿಯುವುದೂ ಇಲ್ಲ.

ಈ ಲೆಕ್ಕವನ್ನೆಲ್ಲ ಹಾಳೆಯ ಮೇಲೆ ಬರೆದು ತಾಯಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮತ್ತೆ ಮಗನಿಗೂ ಉಂಟೇನಪ್ಪ?" ಎಂದರು. ಉಂಟೆಂದೆ. "ಹಾಗಾದರೆ ಭಾವನ ಹತ್ತಿರ ಮಾತಿಗೆ ಕೂರುವ ದಿನ ಅವನನ್ನೂ ಕರೆಸು" ಎಂದು ಒಳಗೆ ಹೋದರು.