ಬಿಲ್ಲೆಯ ಬೆಲೆ

ನಾನು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಗ ಒಮ್ಮೆ ತಾತನ ಜೊತೆಯಲ್ಲಿ ಪಟ್ಟಣದ ಬ್ಯಾಂಕಿಗೆ ಹೋಗಿದ್ದೆ. ಗುಮಾಸ್ತರು ಹಣ ತೆಗೆಯುವ ಚೀಟಿಗೆ ತಾತನಿಂದ ರುಜು ಹಾಕಿಸಿಕೊಂಡು, ಅದರ ಬದಲಿಗೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟರು. ಬಿಲ್ಲೆಯ ಮೇಲೆ 43 ಎಂದು ಕೆತ್ತಿತ್ತು. ತಾತನಿಗೆ ಕನ್ನಡದ ಅಂಕೆಗಳು ಮಾತ್ರ ಗೊತ್ತು. ನನಗೆ ಇಂಗ್ಲಿಷಿನ ಎಣಿಕೆ ಇಪ್ಪತ್ತರಿಂದ ಮುಂದೆ ಬಾರದು. ನಾವು ಬೆಂಚಿನ ಮೇಲೆ ಕುಳಿತೆವು. ನಮ್ಮ ಹಿಂದೆ ಬಂದವರೆಲ್ಲ ಹಣ ಎಣಿಸಿಕೊಂಡು ಹೊರಟುಹೋದರು. ಹೋಗಿ ಕೇಳೋಣವೆಂದು ನಾನು ಎರಡು ಬಾರಿ ಹೇಳಿದೆ. "ಸುಮ್ಕಿರಪ್ಪ, ಬಿಲ್ಲೆ ನಮ್ಮ ಕೈಯಾಗೇ ಐತಲ್ಲ, ದುಡ್ಡು ಎಲ್ಲಿಗೆ ಹೋಗ್ತದೆ?" ಎಂದು ತಾತ ಮುಷ್ಟಿಯನ್ನು ಇನ್ನಷ್ಟು ಬಿಗಿಮಾಡಿದ.

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಬಿಲ್ಲೆ ಕೈಯಲ್ಲಿದ್ದರೆ ಸಾಕೆ? ಅದರ ಬೆಲೆ ಇರುವುದು ಎಲ್ಲಿ? ಈ ಲೇಖನದಲ್ಲಿ ಅದನ್ನೇ ಸ್ವಲ್ಪ ವಿಚಾರ ಮಾಡೋಣ.

'ಟೋಕನ್' ಎಂಬುದು ಇಂಗ್ಲಿಷಿನಿಂದ ಬಂದ ಮಾತಾದರೂ ಅದರ ಅರ್ಥ ನಮಗೆ ಹೊಸದಲ್ಲ. ಗುರುತು, ಕುರುಹು, ಮುದ್ರೆ, ಬಿಲ್ಲೆ, ಸಂಚಕಾರ ಎಂದು ಸಂದರ್ಭಕ್ಕೆ ತಕ್ಕ ಹೆಸರುಗಳು ನಮ್ಮಲ್ಲಿ ಹಿಂದಿನಿಂದಲೂ ಉಂಟು. ಇವುಗಳ ಬಳಕೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಒಬ್ಬರನ್ನು ಗುರುತಿಸಲು ಇರುವ ಕುರುಹು, ಒಂದು ಕಾರ್ಯಕ್ಕೆ ಅಪ್ಪಣೆ ನೀಡುವ ಬಿಲ್ಲೆ, ಹಣಕ್ಕೆ ಬದಲಾಗಿ ನಿಲ್ಲುವ ನಾಣ್ಯ, ಮತ್ತು ಕೊಟ್ಟ ಮಾತಿನ ಅಥವಾ ಮನಸ್ಸಿನ ಇಂಗಿತದ ಸೂಚನೆ.

ಮೊದಲನೆಯದಕ್ಕೆ ನಮ್ಮ ಕಾವ್ಯಗಳಲ್ಲಿಯೇ ಒಳ್ಳೆಯ ನಿದರ್ಶನಗಳಿವೆ. ಸಂಸ್ಕೃತದಲ್ಲಿ ಗುರುತಿನ ವಸ್ತುವಿಗೆ 'ಅಭಿಜ್ಞಾನ' ಎಂದು ಹೆಸರು. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವಿಲ್ಲ. ಅಲ್ಲಿ ಆಕೆಯ ಮಾತಿಗೆ ಅಶರೀರವಾಣಿಯೇ ಸಾಕ್ಷಿ. ಉಂಗುರವನ್ನೂ ದುರ್ವಾಸರ ಶಾಪವನ್ನೂ ತಂದವನು ಕಾಳಿದಾಸ. ಅವನ ನಾಟಕದಲ್ಲಿ ಉಂಗುರ ನೀರಿಗೆ ಬಿದ್ದೊಡನೆ ಶಕುಂತಲೆ ಅಪರಿಚಿತೆಯಾಗುತ್ತಾಳೆ. ಕಣ್ಣೆದುರು ನಿಂತ ಹೆಂಡತಿಗಿಂತ ಮೀನಿನ ಹೊಟ್ಟೆಯಲ್ಲಿದ್ದ ಉಂಗುರಕ್ಕೆ ಹೆಚ್ಚು ಬೆಲೆ ಬಂದದ್ದು ಎಂತಹ ಸಂಕಟ!

ವಾಲ್ಮೀಕಿಯ ಸುಂದರಕಾಂಡದಲ್ಲಿ ಇದಕ್ಕಿಂತ ಎಚ್ಚರಿಕೆಯ ವ್ಯವಸ್ಥೆ ಕಾಣುತ್ತದೆ. ಹನುಮಂತ ರಾಮನ ಉಂಗುರವನ್ನು ಕೊಟ್ಟು ಸೀತೆಯ ನಂಬಿಕೆಯನ್ನು ಪಡೆಯುತ್ತಾನೆ. ಸೀತೆ ಹಿಂದಿರುಗಿ ಕೊಡುವಾಗ ಚೂಡಾಮಣಿಯೊಂದನ್ನೇ ಕೊಟ್ಟು ಸುಮ್ಮನಾಗುವುದಿಲ್ಲ. ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಪೀಡಿಸಿದ ಪ್ರಸಂಗವನ್ನೂ ಹೇಳಿ ಕಳುಹಿಸುತ್ತಾಳೆ. ಆಭರಣವನ್ನು ಯಾರಾದರೂ ಕದ್ದು ತರಬಹುದು. ಗಂಡಹೆಂಡಿರ ನೆನಪನ್ನು ಕದಿಯಲಾಗದು. ವಸ್ತು ಮತ್ತು ನೆನಪು ಕೂಡಿದಾಗ ಕುರುಹು ಗಟ್ಟಿಯಾಗುತ್ತದೆ. ಇಂದು ಬ್ಯಾಂಕಿನ ಯಂತ್ರಕ್ಕೆ ಕಾರ್ಡನ್ನು ತೂರಿಸಿ, ಮೇಲೆ ಗುಟ್ಟಿನ ಅಂಕೆಯನ್ನೂ ಒತ್ತುವಾಗ ನಾವು ಮಾಡುವುದು ಇದನ್ನೇ.

ಎರಡನೆಯ ಬಗೆಗೆ ರೈಲುದಾರಿಯಷ್ಟು ಸೊಗಸಾದ ಉದಾಹರಣೆ ಬೇರೊಂದಿಲ್ಲ. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಕಡೆಯಿಂದ ಎರಡು ಗಾಡಿಗಳು ಹೊರಟರೆ ಅನಾಹುತ ತಪ್ಪದು. ಇದನ್ನು ತಡೆಯಲು ನಮ್ಮ ದೇಶದಲ್ಲಿ ಬಹುಕಾಲ ಬಳಸಿದ್ದು ಉಕ್ಕಿನ ಒಂದು ಗುಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರವಿರುತ್ತದೆ. ಅವೆರಡೂ ವಿದ್ಯುತ್ತಿನಿಂದ ಒಂದಕ್ಕೊಂದು ಬೆಸೆದಿರುತ್ತವೆ. ಮುಂದಿನ ನಿಲ್ದಾಣದ ಸ್ಟೇಷನ್ ಮಾಸ್ತರು ಒಪ್ಪಿದ ಹೊರತು ಇತ್ತಲಿನ ಯಂತ್ರದಿಂದ ಗುಂಡು ಹೊರಬಾರದು. ಒಂದು ಗುಂಡು ಹೊರಗೆ ಬಂದಮೇಲೆ, ಅದನ್ನು ಎರಡರಲ್ಲಿ ಒಂದು ಯಂತ್ರಕ್ಕೆ ಮರಳಿ ಹಾಕುವ ತನಕ ಎರಡನೆಯ ಗುಂಡು ಯಾವ ಕಡೆಯೂ ದೊರೆಯದು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ನಿಲ್ಲದ ಗಾಡಿಯಾದರೆ ಓಡುತ್ತಿರುವಾಗಲೇ ಹಳೆಯ ಬಳೆಯನ್ನು ಎಸೆದು, ಹೊಸ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳಬೇಕು. ಯಾವ ಎರಡು ನಿಲ್ದಾಣಗಳ ನಡುವಿನ ಗುಂಡು ಎಂಬುದನ್ನು ನೋಡಿಕೊಳ್ಳುವುದು ಡ್ರೈವರಿನ ಕರ್ತವ್ಯ. ಒಂದು ದಾರಿಯ ಗುಂಡು ಇನ್ನೊಂದು ದಾರಿಗೆ ಅಪ್ಪಣೆಯಾಗದು. ಈಗ ಬಹುಪಾಲು ಮಾರ್ಗಗಳಲ್ಲಿ ಬೇರೆ ಏರ್ಪಾಡುಗಳು ಬಂದಿವೆ. ಆದರೂ ಆ ಗುಂಡಿನ ಹಿಂದಿನ ಯುಕ್ತಿಯನ್ನು ಮೆಚ್ಚದಿರಲಾಗದು. ತೂಕಕ್ಕೆ ಹಾಕಿದರೆ ಅದು ಚೂರು ಉಕ್ಕು; ಅದರ ಮೇಲೆ ನಿಂತದ್ದು ನೂರಾರು ಜನರ ಪ್ರಾಣ.

ಇದೇ ಯುಕ್ತಿ ಇಂದು ಕಣ್ಣಿಗೆ ಕಾಣದ ರೂಪದಲ್ಲಿ ಮರಳಿ ಬಂದಿದೆ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಅಂತರಜಾಲದ ವ್ಯಾಪಾರಿಗಳು ಗಿರಾಕಿಯ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಕೂಡಿಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಬೇರೊಂದು ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಅದಕ್ಕೂ ಟೋಕನ್ ಎಂದೇ ಹೆಸರು. ಒಬ್ಬ ವ್ಯಾಪಾರಿಗೆ ಕೊಟ್ಟ ಟೋಕನ್ ಇನ್ನೊಬ್ಬನ ಬಳಿ ನಡೆಯದು. ಕಳ್ಳ ಕದ್ದರೂ ಅವನಿಗೆ ದಕ್ಕುವುದು ಬೇರೆ ದಾರಿಯ ಗುಂಡು ಮಾತ್ರ.

ಮೂರನೆಯದು ಹಣ. ಮಹಮ್ಮದ್ ಬಿನ್ ತುಘಲಕನು ಸುಮಾರು 1329-30ರಲ್ಲಿ ಬೆಳ್ಳಿಯ ಟಂಕದ ಬದಲಿಗೆ ತಾಮ್ರ ಹಿತ್ತಾಳೆಗಳ ನಾಣ್ಯವನ್ನು ಹೊರಡಿಸಿದನು. ಈ ಯೋಜನೆ ಹುಚ್ಚುತನವೆಂದು ನಾವು ಶಾಲೆಯಲ್ಲಿ ಓದಿ ನಗುತ್ತೇವೆ. ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕವನ್ನು ಓದಿದವರಿಗೆ ಆ ನಗೆಯ ಜೊತೆಗೆ ಮರುಕವೂ ಹುಟ್ಟುತ್ತದೆ. ನಿಜವಾಗಿ ನೋಡಿದರೆ ಆಲೋಚನೆ ತಪ್ಪಾಗಿರಲಿಲ್ಲ. ಅವನಿಗಿಂತ ಮೊದಲೇ ಚೀನಾದಲ್ಲಿ ಕುಬ್ಲಾಯಿ ಖಾನನ ಕಾಗದದ ಹಣ ನಡೆದಿತ್ತು. ಇಂದು ನಮ್ಮ ಜೇಬಿನಲ್ಲಿರುವ ರೂಪಾಯಿಯೂ ಸಾಂಕೇತಿಕ ನಾಣ್ಯವೇ ಹೊರತು ಬೆಳ್ಳಿಯದಲ್ಲ. ಸುಲ್ತಾನ ಸೋತದ್ದು ಬೇರೆ ಕಡೆ. ಅವನ ಟಂಕಸಾಲೆಯ ನಾಣ್ಯವನ್ನು ಯಾವ ಕಮ್ಮಾರನಾದರೂ ಮನೆಯಲ್ಲಿ ಎರಕ ಹೊಯ್ಯಬಹುದಾಗಿತ್ತು. ರೈಲಿನ ಗುಂಡಿಗಿದ್ದ ಕಾವಲು ಈ ನಾಣ್ಯಕ್ಕಿರಲಿಲ್ಲ. ನಾಣ್ಯದ ಮೇಲೆ ಸುಲ್ತಾನನಿಗೆ ವಿಧೇಯರಾಗಿರಬೇಕೆಂಬ ಉಪದೇಶವನ್ನು ಅಚ್ಚು ಹಾಕಿಸಿದರೂ ವರ್ತಕರು ನಂಬಲಿಲ್ಲ. ಕೆಲವೇ ವರ್ಷಗಳಲ್ಲಿ ಅವನು ಅದನ್ನು ಹಿಂತೆಗೆದು, ಖಜಾನೆಯ ಬೆಳ್ಳಿಬಂಗಾರವನ್ನು ಕೊಟ್ಟು ತಾಮ್ರವನ್ನು ಕೊಳ್ಳಬೇಕಾಯಿತು.

ನಮ್ಮ ನೋಟುಗಳನ್ನು ಇದಕ್ಕೆ ಹೋಲಿಸಿ ನೋಡಿ. ಹತ್ತು ರೂಪಾಯಿಯ ನೋಟಿನ ಮೇಲೆ, ಇದನ್ನು ತಂದವನಿಗೆ ಅಷ್ಟು ಹಣ ಕೊಡುತ್ತೇನೆಂದು ರಿಸರ್ವ್ ಬ್ಯಾಂಕಿನ ಗವರ್ನರರು ರುಜು ಹಾಕಿರುತ್ತಾರೆ. ಅದು ಅಪ್ಪಣೆಯಲ್ಲ, ವಾಗ್ದಾನ. ಬಿಲ್ಲೆಯನ್ನು ನಡೆಸುವುದು ಬರಿಯ ಅಧಿಕಾರವಲ್ಲ. ಅದರ ಹಿಂದೆ ನಿಂತವರು ಮಾತು ಉಳಿಸಿಕೊಳ್ಳುವರೆಂಬ ನಂಬಿಕೆ.

ನಾಲ್ಕನೆಯ ಬಗೆಯಲ್ಲಿ ವಸ್ತು ಅಲ್ಪ, ಅಭಿಪ್ರಾಯ ದೊಡ್ಡದು. ಎತ್ತು, ಹೊಲ, ಮನೆ ಯಾವುದನ್ನು ಕೊಳ್ಳುವಾಗಲೂ ಮೊದಲು ಸ್ವಲ್ಪ ಹಣ ಕೊಟ್ಟು ಮಾತು ಗಟ್ಟಿಮಾಡುವುದು ರೂಢಿ. ಪಟ್ಟಣದವರು ಇದನ್ನು ಟೋಕನ್ ಅಡ್ವಾನ್ಸ್ ಎನ್ನುತ್ತಾರೆ. ಹಳಬರು ಸಂಚಕಾರ ಎನ್ನುತ್ತಿದ್ದರು. ಅಮರಕೋಶದ 'ಸತ್ಯಂಕಾರ'ವೇ ಇದರ ಮೂಲರೂಪ; ಮಾತನ್ನು ಸತ್ಯ ಮಾಡುವುದು ಎಂದು ಅರ್ಥ. 'ಪ್ರಾಣಕ್ಕೆ ಸಂಚಕಾರ ಬಂತು' ಎಂದು ಅದೇ ಪದವನ್ನು ಅಪಾಯಕ್ಕೂ ಬಳಸುತ್ತೇವೆ. ಯಮಧರ್ಮ ಮುಂಗಡ ಕೊಟ್ಟು ಹೋಗಿದ್ದಾನೆಂಬ ಭಾವ ಅದರಲ್ಲಿದ್ದೀತು!

ಲೋಕಸಭೆಯಲ್ಲಿಯೂ ಇಂತಹ ಪದ್ಧತಿಯೊಂದುಂಟು. ಯಾವುದಾದರೊಂದು ಕುಂದುಕೊರತೆಯನ್ನು ಸಭೆಯ ಮುಂದಿಡಬಯಸುವ ಸದಸ್ಯರು, ಆ ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿಯನ್ನು ಕಡಿತ ಮಾಡಬೇಕೆಂದು ಸೂಚನೆ ಮಂಡಿಸಬಹುದು. ಕೋಟಿಗಟ್ಟಲೆಯ ಲೆಕ್ಕದಲ್ಲಿ ನೂರು ರೂಪಾಯಿ ಏನೂ ಅಲ್ಲ. ಅದರ ಮೂಲಕ ಎತ್ತಿದ ಪ್ರಶ್ನೆಗೆ ಬೆಲೆ. ಆದರೆ ಈ ನಾಲ್ಕನೆಯ ಬಗೆಯೇ ಬೇಗ ಕೆಡುವಂಥದು. ಗಿಡ ನೆಟ್ಟು ನೀರೆರೆಯದಿರುವುದು, ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಸ್ಥಾನ ಕೊಟ್ಟು ಆಕೆಯ ಮಾತನ್ನು ಕೇಳದಿರುವುದು, ಇವೆಲ್ಲ ಸಂಚಕಾರ ಕೊಟ್ಟು ವ್ಯಾಪಾರ ಮುಗಿಸದೆ ಹೋದಂತೆ. 'ಸಾಂಕೇತಿಕ' ಎಂಬ ಒಳ್ಳೆಯ ಮಾತು 'ಬರಿಯ ತೋರಿಕೆಯ' ಎಂಬ ಅರ್ಥಕ್ಕೆ ಇಳಿದದ್ದು ಹೀಗೆಯೇ.

ಈಗ ತಾತನ ಕಥೆಯನ್ನು ಮುಗಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಜವಾನ ನಮ್ಮ ಹತ್ತಿರ ಬಂದು ಬಿಲ್ಲೆಯನ್ನು ನೋಡಿ ಒಳಗೆ ಕರೆದೊಯ್ದ. "ಮೂರು ಸಲ ಕೂಗಿದೆ, ಕಿವಿ ಕೇಳೋದಿಲ್ಲವೇನಯ್ಯ?" ಎಂದು ಹಣ ಕೊಡುವವರು ಗದರಿದರು. ಕೂಗಿದ್ದುದು ಇಂಗ್ಲಿಷಿನಲ್ಲಿ. "ಕಿವಿ ಕೇಳ್ತದೆ ಸ್ವಾಮಿ" ಎಂದಷ್ಟೇ ಹೇಳಿ ತಾತ ಹಣ ಎಣಿಸಿಕೊಂಡ. ಅವನ ಅಂಗೈಯಲ್ಲಿ ಬಿಲ್ಲೆಯ ಅಂಚು ಒತ್ತಿದ ಗೆರೆ ಬಿದ್ದಿತ್ತು. ಬಿಲ್ಲೆ ಸಾಚಾ ಆಗಿದ್ದಿತು, ಖಾತೆಯಲ್ಲಿ ಹಣವೂ ಇದ್ದಿತು. ಆದರೂ ಕೂಗುವ ದನಿ ಅವನ ಭಾಷೆಯದಲ್ಲದ ಕಾರಣ ಅರ್ಧ ದಿನ ಅದು ಬರಿಯ ಹಿತ್ತಾಳೆಯಾಗಿತ್ತು.

ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ನಮ್ಮ ಕಚೇರಿಯ ಕಿಟಕಿಯಲ್ಲಿ ಅಂಕಪಟ್ಟಿಯನ್ನು ಪಡೆದು ಹೊರಡುವಾಗ ನನಗೆ ಆ ಗೆರೆ ನೆನಪಾಗುತ್ತದೆ. ಅಂಕಪಟ್ಟಿಯೂ ಒಂದು ಬಿಲ್ಲೆ. ಅದರ ಹಿಂದೆ ಓದು ಇಲ್ಲದಿದ್ದರೆ ತುಘಲಕನ ತಾಮ್ರವಾದೀತು. ಈ ಮಾತು ವಿದ್ಯಾರ್ಥಿಗಳಿಗೆ. ಓದು ಇದ್ದೂ, ಅದನ್ನು ಅವರಿಗೆ ತಿಳಿಯುವ ದನಿಯಲ್ಲಿ ನಾವು ಕೂಗದಿದ್ದರೆ ಅವರು ಬೆಂಚಿನ ಮೇಲೆಯೇ ಉಳಿದಾರು. ಈ ಮಾತು ಅಧ್ಯಾಪಕರಾದ ನಮಗೆ. ಬಿಲ್ಲೆಯನ್ನು ಹಿಡಿದವನ ಕೈಯಲ್ಲಿ ಅದರ ಅರ್ಧ ಬೆಲೆ. ಉಳಿದರ್ಧ ಅದನ್ನು ಕೊಟ್ಟವರ ಕೈಯಲ್ಲಿ.