ಕಂಪ್ಯೂಟರ್ ಪರೀಕ್ಷೆಗೆ ಹೆದರಬೇಡ, ತಂಗಿ

ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ನರ್ಸಿಂಗ್ ಓದಲು ಹೊರಟಿದ್ದೀಯ. ನಲವತ್ತು ದಾಟಿ ಅನಾಟಮಿ ಪುಸ್ತಕ ಹಿಡಿಯುವುದಕ್ಕೆ ಎದೆಗಾರಿಕೆ ಬೇಕು, ನಿನ್ನಲ್ಲಿ ಅದಿದೆ. ಫ್ರೀಮಾಂಟ್‌ನ ಓಲೋನಿ ಕಾಲೇಜಿಗೆ ಸೇರು, ಕ್ಯೂಪರ್ಟಿನೊದ ಡಿ ಆಂಜಾಕ್ಕೆ ಸೇರು, ಅಸೈನ್‌ಮೆಂಟು, ಕ್ವಿಜ್ಜು ಎಲ್ಲಾ ಕ್ಯಾನ್ವಾಸ್ ಎಂಬ ಆನ್‌ಲೈನ್ ತಾಣದಲ್ಲೇ. "ಅಕ್ಕಾ, ಓದೋದು ಕಷ್ಟ ಅಲ್ಲ, ಲ್ಯಾಪ್‌ಟಾಪಲ್ಲಿ ಪರೀಕ್ಷೆ ಅಂದ್ರೆ ಕೈ ನಡುಗುತ್ತೆ" ಅಂದೆಯಲ್ಲ, ಅದಕ್ಕೇ ನಾಲ್ಕು ಮಾತು.

ಕಂಪ್ಯೂಟರ್ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸಿಗೆ ಬರೆಯುವ ಎನ್‌ಕ್ಲೆಕ್ಸ್ 1994ರಿಂದಲೂ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಐದು ಗಂಟೆ, 85ರಿಂದ 150 ಪ್ರಶ್ನೆ. ಸರಿ ಉತ್ತರ ಕೊಟ್ಟಂತೆಲ್ಲ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ. ಹಾಗಾಗಿ ಕಷ್ಟದ ಪ್ರಶ್ನೆ ಬಂತೆಂದು ಧೈರ್ಯಗೆಡಬೇಡ, ಚೆನ್ನಾಗಿ ಬರೆಯುತ್ತಿರುವವರಿಗೇ ಅದು ಬರುವುದು. ನಮ್ಮ ಎಸ್ಸೆಸ್ಸೆಲ್ಸಿ ಅಭ್ಯಾಸ ಮಾತ್ರ ಇಲ್ಲಿ ಕೈ ಕೊಡುತ್ತದೆ. ಗೊತ್ತಿರುವುದನ್ನು ಮೊದಲು ಬರೆದು, ಗೊತ್ತಿಲ್ಲದ್ದಕ್ಕೆ ಜಾಗ ಬಿಟ್ಟು, ಕೊನೆಗೆ ಬಂದು ತುಂಬಿಸುತ್ತಿದ್ದೆವಲ್ಲ? ಇಲ್ಲಿ ಒಂದು ಪ್ರಶ್ನೆ ದಾಟಿದರೆ ಹಿಂದಿರುಗುವಂತಿಲ್ಲ. ಆ ಹಳೇ ರೂಢಿ ಬಿಡಲು ಕಾಲ ಬೇಕು, ಕ್ಲಾಸಿನ ಸಣ್ಣ ಸಣ್ಣ ಕ್ವಿಜ್ಜುಗಳೇ ಅದಕ್ಕೆ ಜಾಗ. ಒಂದನ್ನೂ ಬಿಡಬೇಡ. 2023ರ ಏಪ್ರಿಲ್‌ನಿಂದ ಎನ್‌ಕ್ಲೆಕ್ಸ್‌ನಲ್ಲಿ ರೋಗಿಯ ಚಾರ್ಟನ್ನು ಮುಂದಿಟ್ಟು, ಒಂದರ ಹಿಂದೊಂದು ಪ್ರಶ್ನೆ ಕೇಳುವ ಕ್ರಮವೂ ಸೇರಿದೆ. ಬಾಯಿಪಾಠ ಮಾಡಿಕೊಂಡವರಿಗೆ ಅದು ಒಗ್ಗುವುದಿಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ನಿನಗೆ ಒಗ್ಗುತ್ತದೆ.

ಕಾಲೇಜಿನ ಪರೀಕ್ಷೆಯನ್ನು ಮನೆಯಿಂದ ಬರೆಯುವಾಗ ಕ್ಯಾಮೆರಾ ದಿಟ್ಟಿಸುತ್ತಿರುತ್ತದೆ ಎಂಬ ನಿನ್ನ ಕಸಿವಿಸಿ ಸುಮ್ಮನೆ ಬಂದದ್ದಲ್ಲ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಯ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸೆಂದದ್ದು ಸಂವಿಧಾನಕ್ಕೆ ವಿರುದ್ಧವೆಂದು ಓಹಾಯೋದ ಫೆಡರಲ್ ನ್ಯಾಯಾಲಯವೊಂದು 2022ರಲ್ಲಿ ಹೇಳಿತು. ಆ ತೀರ್ಪು ಕ್ಯಾಲಿಫೋರ್ನಿಯಾದ ಕಾಲೇಜುಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ಕೋಣೆ ತೋರಿಸದೆ ಬರೆಯಬಹುದೇ ಎಂದು ನೀನು ಕೇಳಬಹುದು. ಕಣ್ಣು ಅತ್ತಿತ್ತ ಹೋದರೆ, ಪ್ರಶ್ನೆಯನ್ನು ಕನ್ನಡದಲ್ಲಿ ಗುನುಗಿಕೊಂಡು ತುಟಿ ಅಲ್ಲಾಡಿದರೆ ನಕಲಿನ ಅನುಮಾನ ಬರಬಹುದು. ನಿನ್ನ ಈ ರೂಢಿಯನ್ನು ಸೆಮಿಸ್ಟರಿನ ಮೊದಲ ವಾರವೇ ಟೀಚರಿಗೆ ಹೇಳಿಬಿಡು. ಕ್ಯಾಂಪಸ್ಸಿನಲ್ಲೇ ಕೂತು ಬರೆಯಲು ಅವಕಾಶ ಇದೆಯೇ ಕೇಳು. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ವಿಡಿಯೊ ಪಾಠ. ಅದು ನಮ್ಮಂಥವರಿಗೆ ವರದಾನವೆಂದೇ ನನ್ನ ನಂಬಿಕೆ. ಅರ್ಥವಾಗದ ಉಚ್ಚಾರಣೆಯನ್ನು ನಿಲ್ಲಿಸಿ ಮತ್ತೆ ಕೇಳಬಹುದು, ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಕೂರಬಹುದು. ಆದರೆ ನೋಡಿದ ಕೂಡಲೇ ಗೊತ್ತಾಯಿತು ಅಂದುಕೊಳ್ಳಬೇಡ. ಲ್ಯಾಪ್‌ಟಾಪ್ ಮುಚ್ಚಿ, ಕೇಳಿದ್ದನ್ನು ನೆನಪಿನಿಂದ ಕಾಗದದ ಮೇಲೆ ಬರೆ. ಎಲ್ಲಿ ತಡವರಿಸುತ್ತೀಯೋ ಆ ಭಾಗವನ್ನಷ್ಟೇ ಮತ್ತೆ ನೋಡು.

ಬೆಡ್ಡಿನ ಪಕ್ಕದ ಕೆಲಸ ಮಾತ್ರ ಪರದೆಯಿಂದ ಬರುವುದಿಲ್ಲ. ಕ್ಲಿನಿಕಲ್ ತರಬೇತಿಯ ಗಂಟೆಗಳಲ್ಲಿ ಶೇ. 75ರಷ್ಟು ನೇರವಾಗಿ ರೋಗಿಯ ಆರೈಕೆಯಲ್ಲೇ ಕಳೆಯಬೇಕೆಂದು ಕ್ಯಾಲಿಫೋರ್ನಿಯಾದ ನಿಯಮಗಳು ಹೇಳುತ್ತಿದ್ದದ್ದು ಅದಕ್ಕೇ. ಕ್ಲಿನಿಕಲ್ ದಿನಗಳಿಗೆ ಮಕ್ಕಳ ಪಿಕಪ್, ಊಟದ ಏರ್ಪಾಡನ್ನು ಗಂಡನಿಗೆ ಈಗಲೇ ಒಪ್ಪಿಸು, ಪರೀಕ್ಷೆ ಹೊತ್ತಿಗೆ ಬಾಗಿಲು ತಟ್ಟಬೇಡಿ ಎಂದು ಅತ್ತೆಯವರಿಗೂ ಮೊದಲೇ ಹೇಳಿಡು.